ಚಿಕ್ಕಪ್ಪನ ಪದಕ ಒಣಗಲಿಲ್ಲ

ದೆವ್ವ, ಶಕುನ ಇಂಥವನ್ನೆಲ್ಲ ನಾನು ನಂಬಿದವನಲ್ಲ. ವಿಜ್ಞಾನದ ಪುಸ್ತಕ ತಂದು, ಯಾರೂ ಹೇಳಿಕೊಡದೆ ಓದಿ, ಪ್ರಯೋಗ ಮಾಡಲು ಹೋಗಿ ಅಮ್ಮನ ಎರಡು ಪಾತ್ರೆ ಸುಟ್ಟವನು. ಆದ್ದರಿಂದ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹಡಗಿನ ಕೆಲಸ ಬಿಟ್ಟುಬಂದ ಚಿಕ್ಕಪ್ಪ ನಮ್ಮ ಜೊತೆಗಿದ್ದರು. ಬಿರುಗಾಳಿಯಲ್ಲಿ ದೋಣಿಯೊಂದು ಮಗುಚಿದಾಗ ಸಮುದ್ರಕ್ಕೆ ಹಾರಿ ಇಬ್ಬರನ್ನು ಎಳೆದು ತಂದದ್ದಕ್ಕೆ ಅವರಿಗೆ ಕಂಚಿನ ಪದಕ ಸಿಕ್ಕಿತ್ತು. ಒಂದು ದಿನವೂ ಧರಿಸದೆ ಅದನ್ನು ಟ್ರಂಕಿನ ತಳದಲ್ಲಿಟ್ಟಿದ್ದರು. ಆ ವರ್ಷ ಆಯುಧಪೂಜೆಗೆ ಅವರ ಎದೆಯ ಮೇಲೆ ಅದನ್ನು ನೋಡಲೇಬೇಕೆಂದು ನಾನು ಹಠ ಹಿಡಿದೆ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಅವರಿಗೆ ಹೇಳದೆ ಪದಕ ತೆಗೆದು, ಹಿತ್ತಾಳೆ ದೀಪಗಳ ಜೊತೆ ಅದನ್ನೂ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಅದರ ರೇಷ್ಮೆ ಪಟ್ಟಿ ಮೊದಲೇ ತೇವವಾಗಿತ್ತು, ಟ್ರಂಕಿನ ತಂಪೆಂದುಕೊಂಡೆ; ಅದನ್ನು ಬಿಚ್ಚಿಡುವುದು ಮರೆತೇಹೋಗಿತ್ತು. “ಬಟ್ಟೆಗೆ ಯಾರಾದ್ರೂ ಹುಣಸೆಹಣ್ಣು ಹಾಕ್ತಾರೇನೋ, ವಿಜ್ಞಾನಿ?” ಎಂದರು ಅಮ್ಮ. ಬಾವಿ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದೆ.

ಸಂಜೆಗೆ ಸೀರೆ, ಪಂಚೆ ಎಲ್ಲ ಒಣಗಿದ್ದವು. ಪಟ್ಟಿ ಮಾತ್ರ ಒಣಗಿರಲಿಲ್ಲ, ಹಿಂಡಿದರೆ ನೀರು ಬಂತು. ನಾಲಿಗೆಗೆ ತಾಗಿಸಿದೆ, ಉಪ್ಪು. ನಾನು ಹಾಕಿದ ಉಪ್ಪೇ ಇರಬೇಕೆಂದು ಮರುದಿನ ಬಿಸಿನೀರಿನಲ್ಲಿ ಮೂರು ಸಲ ಅದ್ದಿದೆ, ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದೆ. ಗರಿಗರಿಯಾಯಿತು. ಊಟ ಮುಗಿಸಿ ಬಂದು ನೋಡಿದರೆ ಮತ್ತೆ ಒದ್ದೆ, ಮತ್ತೆ ಉಪ್ಪು. ನಾನು ಬಿಡಲಿಲ್ಲ. ಮೂರನೆಯ ದಿನ ಗಂಟೆಗೊಮ್ಮೆ ಒತ್ತಿ, ಗಂಟೆಗೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದೆ.

ಕೊನೆಗೆ ಪದಕ, ನೋಟ್‌ಬುಕ್ ಎರಡನ್ನೂ ಹಿಡಿದು ಚಿಕ್ಕಪ್ಪನ ಮುಂದೆ ನಿಂತೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಆಶ್ಚರ್ಯವೂ ಆಗಲಿಲ್ಲ.

“ನನ್ ಹತ್ರಾನೂ ಒಣಗಿಲ್ಲ ಕಣೋ. ನೀರಲ್ಲಿ ಮೂರು ಜನ ಇದ್ರು. ಮೂರನೇವ್ನು ಹಿಂದಿನಿಂದ ನನ್ನ ಶರ್ಟ್ ಹಿಡ್ಕೊಂಡಿದ್ದ. ಮೂವರನ್ನೂ ಎಳ್ಯಕ್ಕೆ ಆಗ್ತಿರ್ಲಿಲ್ಲ. ನಾನೇ ಕೈ ಬಿಡಿಸ್ದೆ.”

ಇದನ್ನು ಅವರು ಅಪ್ಪನಿಗೂ ಹೇಳಿರಲಿಲ್ಲವಂತೆ. ಆದರೆ ನನ್ನ ಹಠ ಇನ್ನೂ ಇಳಿದಿರಲಿಲ್ಲ. “ಹಾಗಾದ್ರೆ ಅವನಿಗೋಸ್ಕರಾನೇ ಹಾಕ್ಕೊಳ್ಳಿ, ಚಿಕ್ಕಪ್ಪ” ಎಂದೆ.

ಆಯುಧಪೂಜೆಯ ಬೆಳಿಗ್ಗೆ ಅವರು ನೀಲಿ ಶರ್ಟಿನ ಮೇಲೆ ಒದ್ದೆ ಪದಕ ಚುಚ್ಚಿಕೊಂಡು ಬಂದರು. ಅಪ್ಪನ ಸೈಕಲ್ಲಿಗೆ ಮಂಗಳಾರತಿ ಆದ ಮೇಲೆ ಮನೆಯವರೆಲ್ಲರ ಎದುರು ಆ ಮೂರನೆಯವನ ವಿಷಯ ಹೇಳಿದರು. ಅಪ್ಪ ಚಿಕ್ಕಪ್ಪನ ಭುಜ ಹಿಡಿದುಕೊಂಡು ನಿಂತರು. ಸ್ವಲ್ಪ ಹೊತ್ತಿನ ಮೇಲೆ ನಾನು ಪಟ್ಟಿ ಮುಟ್ಟಿ ನೋಡಿದೆ. ಒಣಗಿತ್ತು. ಅವತ್ತಿನಿಂದ ಒಣಗಿಯೇ ಇದೆ.

ಮಧ್ಯಾಹ್ನ ಅವರು ಶರ್ಟು ಬಿಚ್ಚಿದಾಗ ಬೆನ್ನಿನ ಕಡೆ ಬಟ್ಟೆ ಮುದುಡಿತ್ತು. ಅಲ್ಲಿ ಐದು ಬೆರಳಿನ ಬಿಳಿ ಉಪ್ಪಿನ ಗುರುತು. ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ಅದು ನನ್ನ ಕೈಗಿಂತ ಬಹಳ ಚಿಕ್ಕದು.

ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ‘ಕಾರಣ’ ಎಂದು ಬರೆದಿಟ್ಟ ಜಾಗ ಇವತ್ತಿಗೂ ಖಾಲಿ. ಮೂರನೆಯವನಿಗೆ ವಯಸ್ಸೆಷ್ಟಿತ್ತು ಎಂದು ಕೇಳಿದರೆ ಚಿಕ್ಕಪ್ಪ ಹೇಳಿಯಾರು. ನಾನು ಕೇಳಿಲ್ಲ.