ಬೊಂಬೆಗಳ ನಡುವೆ ನಿಂತ ರೈಲು

ಇಂಗ್ಲಿಷರು ಗಂಟುಮೂಟೆ ಕಟ್ಟಿ ಹೊರಟ ಮೇಲೆ ಅವರಿದ್ದ ದಂಡಿನ ಕಡೆ ಮನೆಸಾಮಾನಿನ ಹರಾಜು ಜೋರಾಗಿತ್ತು. ಬುದ್ಧಿ ಇದ್ದವರು ಕುರ್ಚಿ, ಕಪಾಟು, ಪಿಂಗಾಣಿ ತಂದರು. ನಾನು ಆಟದ ರೈಲು ತಂದೆ. ಹಸಿರು ಎಂಜಿನ್, ಎರಡು ಡಬ್ಬಿ, ದುಂಡಗೆ ಜೋಡಿಸುವ ತಗಡಿನ ಹಳಿ, ಅದನ್ನು ಕರೆಂಟಿನಲ್ಲಿ ಓಡಿಸಲು ಒಂದು ಟ್ರಾನ್ಸ್‌ಫಾರ್ಮರ್. ಮದುವೆಯಾದ ಗುಮಾಸ್ತನಿಗೆ ಇದೆಲ್ಲ ಯಾಕೆ ಎಂದು ಬಸವನಗುಡಿಯಲ್ಲಿ ಕೇಳದವರಿಲ್ಲ. ಕೇಳಿದವರ ಮೇಲೆಲ್ಲ ಸಿಡುಕಿದೆ.

ಅಮ್ಮನಿಗೆ ಮಡಿ ಎಂದರೆ ಪ್ರಾಣ. "ಯಾರ್ಯಾರು ಏನೇನು ತಿಂದ ಕೈಲಿ ಮುಟ್ಟಿದಾರೋ! ಅದನ್ನ ಒಳಗೆ ತಂದ್ಯೋ, ನಾನು ಹಿತ್ತಲಲ್ಲೇ ಒಲೆ ಹೂಡ್ತೀನಿ" ಎಂದಳು. ಹಾಗಾಗಿ ರೈಲು ಹೊರಕೋಣೆಯಲ್ಲಿ ನನ್ನ ಸೈಕಲ್ಲಿನ ಪಕ್ಕ ಬಿಡಾರ ಹೂಡಿತು. ಕಚೇರಿಯಿಂದ ಬಂದವನು ಅಲ್ಲೇ ಓಡಿಸಿಕೊಳ್ಳುತ್ತಿದ್ದೆ.

ಅದಕ್ಕೆ ನಡುಮನೆಯ ಯೋಗ ತಂದವಳು ನನ್ನ ಹೆಂಡತಿ. ನಮ್ಮ ಮನೆಗೆ ಬಂದ ಮೇಲೆ ಅವಳಿಗದು ಮೊದಲ ದಸರಾ. ತವರಿನವರು ಮದುವೆಯಲ್ಲಿ ಕೊಟ್ಟ ಪಟ್ಟದ ಬೊಂಬೆಗಳು, ಆ ಮರದ ರಾಜ ರಾಣಿ, ಮೇಲಿನ ಮೆಟ್ಟಿಲಲ್ಲಿ ಕೂರಬೇಕು, ಕೆಳಗೆ ರೈಲು ಸುತ್ತಬೇಕು ಎಂದು ಅವಳ ಆಸೆ. ಅಮ್ಮನ ಹಿಂದೆ ಮುಂದೆ ಸುಳಿದು ಹೇಗೋ ಒಪ್ಪಿಸಿಬಿಟ್ಟಳು.

"ಇಟ್ಕೋಮ್ಮ. ನಾನಂತೂ ಮುಟ್ಟಲ್ಲ. ಓಡದೆ ನಿಂತು ನಾಲ್ಕು ಜನರ ಮುಂದೆ ನಗೆಪಾಟಲಾಯ್ತೋ, ಅದು ಮತ್ತೆ ಈ ಹೊಸಿಲು ದಾಟಕೂಡದು" ಎಂದು ಅಮ್ಮ ಖಡಾಖಂಡಿತವಾಗಿ ಹೇಳಿದಳು.

ಇವಳು ಸುಮ್ಮನಿರಬಾರದೆ? ಬೀದಿಯ ಹೆಂಗಸರಿಗೆಲ್ಲ ಡಂಗುರ ಸಾರಿದಳು. ಆಯುಧಪೂಜೆಯ ಸಂಜೆ ಆರತಿಗೆ ಬನ್ನಿ, ನಮ್ಮ ಬೊಂಬೆಗಳ ಮುಂದೆ ರೈಲು ಓಡುತ್ತೆ ಎಂದು. ಹೊಸ ಸೊಸೆಯ ಮಾನವೆಲ್ಲ ಆ ಎಂಜಿನ್ನಿನ ಮೇಲೆ ನಿಂತಿತು.

ಆ ಸಂಜೆ, ಇನ್ನೇನು ಹೆಂಗಸರು ಬರುವ ಹೊತ್ತು, ಸ್ವಿಚ್ ಒತ್ತಿದೆ. ಎಂಜಿನ್ ಅಲ್ಲಾಡಲಿಲ್ಲ. ಹಿಂದಿನ ದಿನ ಅದೇ ಜಾಗದಲ್ಲಿ ಸೊಗಸಾಗಿ ಓಡಿತ್ತು.

ಟ್ರಾನ್ಸ್‌ಫಾರ್ಮರಿಗೆ ಒಂದು ಸಣ್ಣ ಬಲ್ಬು ಸೇರಿಸಿ ನೋಡಿದೆ. ಉರಿಯಿತು. ಎಂಜಿನ್ ಎತ್ತಿ ತಂತಿಗಳನ್ನು ನೇರ ಮೋಟಾರಿಗೆ ತಾಗಿಸಿದೆ. ಗಾಲಿ ಗಿರ್ರನೆ ತಿರುಗಿದವು. ಅದೂ ಸರಿ, ಇದೂ ಸರಿ. ಹಳಿಯ ಮೇಲಿಟ್ಟರೆ ಮಾತ್ರ, ಮುನಿಸಿಕೊಂಡ ಅತ್ತೆ ಸೊಸೆಯರ ಹಾಗೆ, ಮಾತಿಲ್ಲ ಕತೆಯಿಲ್ಲ. ಹೆಂಡತಿ ಆರತಿ ತಟ್ಟೆ ಹಿಡಿದು ಅಳುವುದೊಂದು ಬಾಕಿ.

ಶಪಿಸುತ್ತ ಎಂಜಿನ್ನನ್ನು ಕೈಯಲ್ಲೇ ತಳ್ಳಿಕೊಂಡು ಹೋದೆ. ಬೆರಳಿಗೆ ಏನೋ ಪುಡಿ ಹತ್ತಿತು. ಮೂಸಿದರೆ ಗಂಧ! ಚಿಮಣಿಯ ಮೇಲೊಂದು ಕುಂಕುಮದ ಬೊಟ್ಟು ಇದ್ದದ್ದನ್ನು ಆಗಲೇ ನೋಡಿದ್ದೆ, ಹಬ್ಬವಲ್ಲವೇ ಎಂದು ಬಿಟ್ಟಿದ್ದೆ. ಈಗ ದೀಪ ಹತ್ತಿರ ತಂದು ಬಗ್ಗಿದರೆ, ಹಳಿಯುದ್ದಕ್ಕೂ ಗಂಧ, ಗಾಲಿಗಾಲಿಗೂ ಗಂಧ, ಎಲ್ಲ ಒಣಗಿ ಗಟ್ಟಿಯಾಗಿದೆ. ಕರೆಂಟು ಹಳಿಯಿಂದ ಗಾಲಿಗೆ ಹತ್ತಬೇಕು. ನಡುವೆ ಇಷ್ಟು ಗಂಧ ಬಳಿದರೆ ಎಲ್ಲಿಂದ ಹತ್ತೀತು?

"ಗಾಲಿಗೆಲ್ಲ ಗಂಧ ಮೆತ್ತು ಅಂತ ನಿಂಗೆ ಯಾರು ಹೇಳಿದ್ದು?" ಎಂದು ರೇಗಿದೆ.

ಅವಳು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ನಾನಲ್ಲ ರೀ, ಅತ್ತೆಯವರು. ಬೆಳಿಗ್ಗೆ ಮಡೀಲೇ ಬಂದು ಕೂತು ಒಂದೊಂದು ಗಾಲಿಗೂ, ಹಳಿಗೂ ಇಟ್ರು. 'ನಿಂತುಗಿಂತು ಹೋಗ್ಬೇಡಪ್ಪ, ಹುಡುಗಿ ಮುಖ ಸಣ್ಣದಾಗತ್ತೆ' ಅಂತ ಅದಕ್ಕೇ ಹೇಳ್ತಿದ್ರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ."

ನನ್ನ ಸಿಟ್ಟು ಎಲ್ಲಿ ಇಳಿದುಹೋಯಿತೋ. ಅಮ್ಮನ ಮೇಲೆ ಅಷ್ಟು ಅಕ್ಕರೆ ನನಗೆ ಎಂದೂ ಉಕ್ಕಿರಲಿಲ್ಲ. ಆದರೆ ಗಂಧ ಒರೆಸಲೇಬೇಕಿತ್ತು, ಅದೂ ಅವಳ ಕಣ್ಣಿಗೆ ಬೀಳದಂತೆ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, ಕೋಸಂಬರಿಗೆ ಉಪ್ಪು ಎಷ್ಟು ಹಾಕಲಿ, ಒಗ್ಗರಣೆಗೆ ಇಂಗು ಬೇಕೇ ಎಂದು ಗೊತ್ತಿದ್ದದ್ದನ್ನೆಲ್ಲ ಕೇಳಿದಳು. ನಾನು ಇತ್ತ ಸೀಮೆಎಣ್ಣೆಯ ಬಟ್ಟೆ ಹಿಡಿದು ಗಾಲಿ, ಹಳಿ ಎಲ್ಲ ಉಜ್ಜಿದೆ. ಚಿಮಣಿಯ ಕುಂಕುಮ ಮಾತ್ರ ಮುಟ್ಟಲಿಲ್ಲ.

ಹೆಂಗಸರು ಬಂದರು. ರೈಲು ರಾಜ ರಾಣಿಯ ಮುಂದೆ ಗಡಗಡನೆ ಸುತ್ತಿತು. ಇವಳ ಮುಖ ಅರಳಿದ್ದನ್ನು ನೋಡಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ನನ್ನ ಬಳಿ ಬಂದು ಪಿಸುಗುಟ್ಟಿದಳು.

"ನೀನು ನಂಬಲ್ಲ. ಬೆಳಿಗ್ಗೆ ನಾನೇ ಗಾಲಿಗೆಲ್ಲ ಗಂಧ ಇಟ್ಟಿದ್ದೆ ಕಣೋ. ಅದಕ್ಕೇ ಓಡ್ತಿರೋದು."

"ಅದಕ್ಕೇ ಕಣಮ್ಮ, ಇನ್ನೇನು" ಎಂದು, ಸೀಮೆಎಣ್ಣೆ ನಾರುವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.