ಬೆಟ್ಟಕ್ಕೆ ಹೊತ್ತ ಕಾಯಿ

ಅವರ ಬಲಗಿವಿಯ ಅಂಚಿಗೆ ಸದಾ ತೆಂಗಿನ ನಾರಿನ ಪುಡಿ ಅಂಟಿರುತ್ತಿತ್ತು. ಅರಸೀಕೆರೆಯ ನಮ್ಮ ಬೀದಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಅವರನ್ನು ನಾನು ದೊಡ್ಡಪ್ಪ ಎನ್ನುತ್ತಿದ್ದೆ; ನೆಂಟರಲ್ಲ, ಪಕ್ಕದ ಮನೆಯವರು. ಘಟ್ಟದ ನೆತ್ತಿಯ ಏಣು ಹತ್ತಿ, ಅಲ್ಲಿಂದ ಸಮುದ್ರ ನೋಡಿದ ಮೇಲೇ ಕಣ್ಣು ಮುಚ್ಚಿದರು ಎಂದು ಬೀದಿಯೆಲ್ಲ ಹೇಳುತ್ತದೆ. ಇದಕ್ಕೆ ಸಾಕ್ಷಿ ಯಾರು? ಆ ದಿನ ಜೊತೆಗಿದ್ದವಳು ನಾನೊಬ್ಬಳೇ.

ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಹೇಗಿದೆಯೆಂದು ಅವರಿಗೆ ತಿಳಿಯುತ್ತಿತ್ತು. ಆದರೂ ಒಂದನ್ನಾದರೂ ಒಡೆದು ನೋಡದೆ ಬೆಲೆ ಹೇಳುತ್ತಿರಲಿಲ್ಲ. ಓದಿಯೇ ಇರದ ವರದಿಯೊಂದನ್ನು ಉದ್ಧರಿಸಿ ಚರ್ಚಾಸ್ಪರ್ಧೆ ಗೆದ್ದು ಬಂದು ನಾನು ಜಂಬ ಕೊಚ್ಚಿದಾಗ ಅವರು ಕೇಳಿದ್ದು ಒಂದೇ: “ನೀನು ನೋಡಿದ್ಯೇನಮ್ಮ ಅದನ್ನ?” ಆ ಬಹುಮಾನ ಇವತ್ತಿಗೂ ಟ್ರಂಕಿನ ತಳದಲ್ಲಿದೆ.

ಘಟ್ಟದ ತುದಿಯಿಂದ ಸಮುದ್ರ ನೋಡಬೇಕೆಂಬುದು ಅವರ ಹಟ. ಸಮುದ್ರ ಬೇಕಾದರೆ ಮಂಗಳೂರಿಗೆ ರೈಲಿದೆಯಲ್ಲ, ಬೆಟ್ಟವೇಕೆ ಎಂದು ವಾದ ಹೂಡಿದ್ದೆ.

“ನೀರು ನೋಡಕ್ಕಲ್ಲ ಕಣಮ್ಮ ಲಾಯರಮ್ಮ. ಅಲ್ಲಿಂದ ಕಾಣ್ತೈತೆ ಅಂತಾರಲ್ಲ, ಕಾಣ್ತೈತೋ ಇಲ್ವೋ ನೋಡ್ಬೇಕು.”

ಕಂಡರೆ ಅಲ್ಲೇ ಒಡೆಯಲೆಂದು ಚೀಲದಲ್ಲಿ ಒಂದು ಕಾಯಿ ಹೊರುತ್ತಿದ್ದರು. ಎರಡು ಸಲ ಮಂಜು ಕವಿದು ಕಾಯಿ ಹಾಗೇ ವಾಪಸು ಬಂತು.

ಮೂರನೆಯ ಸಲದ ಹೊತ್ತಿಗೆ ಅವರ ಕಣ್ಣಿನ ನರ ಸೋತಿತ್ತು. ಉಳಿದ ನೋಟವೂ ಹೆಚ್ಚು ದಿನ ಇರದು ಎಂದಿದ್ದರು ಡಾಕ್ಟರು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತರೂ ಹೊರಟೇಬಿಟ್ಟರು. ಹಳೇಬೀಡು, ಬೇಲೂರು ದಾಟುವವರೆಗೆ ಬಸ್ಸು, ಆಮೇಲೆ ಜೀಪು. ಏಣಿನುದ್ದಕ್ಕೂ ನನ್ನ ಬ್ಯಾಗಿನ ಪಟ್ಟಿ ಹಿಡಿದು, ಹುಲ್ಲಿನಲ್ಲಿ ಕಾಲಿನಿಂದಲೇ ದಾರಿ ತಡಕುತ್ತ ನಡೆದರು. ಎರಡು ಕಡೆ ಬಿದ್ದರು. ಸ್ವಲ್ಪ ಕೂರಿ ಎಂದರೆ, ಕೂತರೆ ಮಂಜು ಕವಿಯುತ್ತದೆಂದು ನನ್ನನ್ನೇ ಗದರಿದರು.

ತುದಿಯಲ್ಲಿ ನಿಂತಾಗ ಪಡುವಣಕ್ಕೆ, ಕಾಡಿನಾಚೆ, ಒಂದು ಬಿಳಿಚಿದ ಗೆರೆ. ನೀರೋ ಮೋಡವೋ ನನಗೆ ತಿಳಿಯಲಿಲ್ಲ.

“ನಂಗೆ ಬರೀ ಬೆಳಕು. ನಿಂಗೆ ಕಾಣ್ತೈತಾ?”

“ಕಾಣ್ತಿದೆ ದೊಡ್ಡಪ್ಪ. ಸಮುದ್ರಾನೇ.”

ಅವರು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದರು. ನನ್ನ ಕಡೆ ಮುಖ ಮಾಡಿದರು. ಕಾಯಿಯನ್ನು ಒಡೆಯದೆ ಮತ್ತೆ ಚೀಲಕ್ಕೇ ಹಾಕಿಕೊಂಡರು.

ಊರಿಗೆ ಬಂದು ಮಾತ್ರ ಎಲ್ಲರಿಗೂ ಸಮುದ್ರ ನೋಡಿದೆ ಎಂದೇ ಹೇಳಿದರು. ನೋಡದ್ದನ್ನು ನೋಡಿದೆನೆಂದು ಅವರು ಹೇಳಿದ್ದು, ನಾನು ಕಂಡಂತೆ, ಅದೊಂದೇ ಸಲ. ಅವರು ಹೋಗಿ ವರ್ಷವಾಗುತ್ತ ಬಂತು. ದೊಡ್ಡಮ್ಮ ಆ ಕಾಯಿಯನ್ನು ಅಟ್ಟದಿಂದ ಇಳಿಸಿ ನನಗೆ ಕೊಟ್ಟಿದ್ದಾರೆ. ಈ ಚಳಿಗಾಲ ಅದನ್ನು ಹೊತ್ತು ಮತ್ತೆ ಹತ್ತುತ್ತೇನೆ. ಆ ಗೆರೆ ನೀರಾಗಿದ್ದರೆ ಒಡೆಯುತ್ತೇನೆ, ಅಲ್ಲದಿದ್ದರೆ ಬೀದಿಗೆ ನಿಜ ಹೇಳುತ್ತೇನೆ. ಆದರೆ ಅವತ್ತು ಇಳಿಯುವಾಗ ನಾನು ಕೇಳಿದ್ದಕ್ಕೆ ಅವರು ಚೀಲ ಸರಿಮಾಡಿಕೊಂಡು ನನ್ನ ಬ್ಯಾಗಿನ ಪಟ್ಟಿ ಹಿಡಿದರಷ್ಟೇ:

“ಕಾಣ್ತಿದೆ ಅಂದ್ನಲ್ಲ ದೊಡ್ಡಪ್ಪ, ಮತ್ತೆ ಕಾಯಿ ಯಾಕೆ ಒಡೀಲಿಲ್ಲ?”