ಚುಚ್ಚದ ಕಂಬಳಿ

ಒಂದು ಕಂಬಳಿ ನೇಯ್ದು ಕೊಡು ಎಂದು ನನ್ನ ತಂಗಿ ಕೇಳಿದ್ದಳು. ನಾನು ನೇಯಲಿಲ್ಲ. ಕಂಬಳಿ ನೇಯುವುದೇ ಕಸುಬಾದವನು ಇದನ್ನು ಒಪ್ಪಿಕೊಳ್ಳುವುದೆಂದರೆ, ಕೊಟ್ಟೂರಿನ ಮಿರ್ಚಿ ಅಂಗಡಿಯವನು ಮನೆಗೆ ಬಂದ ತಂಗಿಗೆ ಬೇರೆ ಅಂಗಡಿಯ ಆರಿದ ಮಿರ್ಚಿ ತಂದುಕೊಟ್ಟೆ ಅಂದಂತೆ. ಮೂರು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ತಂಗಿಯ ಹೆಸರು ನಿಂಗಮ್ಮ, ಮನೆಯಲ್ಲಿ ನಿಂಗಿ. ದಿಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಕ್ಯೂಬಾ ದೇಶದ ಸಂಗತಿಗಳನ್ನು ಓದಿ, ಓದಿಸಿ, ಪುಸ್ತಕ ಬರೆದು, ಕೊನೆಗೆ ಅಲ್ಲಿಯೇ ಕುಲಸಚಿವೆಯಾದಳು. ಈ ಒಂದು ವಾಕ್ಯವನ್ನು ತಡವರಿಸದೆ ಹೇಳಲು ನನಗೆ ಬಹಳ ವರ್ಷ ಹಿಡಿಯಿತು. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಅಪ್ಪನ ಕಾಲು ಮುರಿದ ವರ್ಷ ಕುರಿಗಳ ಹಿಂದೆ ಯಾರಾದರೂ ಹೋಗಬೇಕಿತ್ತು. ನಾನು ಗುಡೇಕೋಟೆಯ ಗುಡ್ಡಕ್ಕೆ ಹೋದೆ, ಅವಳು ಶಾಲೆಗೆ ಹೋದಳು. ಅವಳ ದಾರಿಯಲ್ಲಿ ಮುಂದೆ ಹರಪನಹಳ್ಳಿಯ ಹಾಸ್ಟೆಲು ಬಂತು, ದಿಲ್ಲಿ ಬಂತು, ಹವಾನಾ ಬಂತು. ನನ್ನ ದಾರಿಯಲ್ಲಿ ಮರುದಿನವೂ ಅದೇ ಗುಡ್ಡ ಬಂತು.

ಅಷ್ಟು ದೇಶಗಳಿರುವಾಗ ಕ್ಯೂಬಾವೇ ಯಾಕೆ ಎಂದು ಒಮ್ಮೆ ಕೇಳಿದ್ದೆ. "ನಮ್ಮೂರ ಅರ್ಧ ಮಂದಿ ವರ್ಷಾ ಕಬ್ಬು ಕಡ್ಯಾಕ ಹೋಗ್ತಾರಲ್ಲಣ್ಣ, ಆ ದೇಶ ಒಂದು ಕಾಲಕ್ಕ ಪೂರಾ ಕಬ್ಬಿನ ಮ್ಯಾಲೇ ನಿಂತಿತ್ತು. ಕಡಿದೋರು ಕಡೀಗೆ ಏನಾದ್ರು ಅಂತ ನೋಡಾಕ ಹೋದೆ" ಎಂದಳು. ನೋಡಿ ಬರುತ್ತೇನೆಂದು ಹೋದವಳು ಮೂವತ್ತು ವರ್ಷ ಅದನ್ನೇ ನೋಡಿದಳು. ಅವಳ ಮೊದಲ ಪುಸ್ತಕ ನಮ್ಮ ಮನೆಯಲ್ಲಿದೆ. ಅದು ಇಂಗ್ಲಿಷಿನಲ್ಲಿರುವುದರಿಂದ ನಾನು ರಟ್ಟಿನ ಮೇಲಿನ ಚಿತ್ರ ಮಾತ್ರ ಓದಿದ್ದೇನೆ. ಕುಡುಗೋಲು ಹಿಡಿದ ಒಬ್ಬ ಮುದುಕ, ಥೇಟ್ ನಮ್ಮ ಓಣಿಯವನ ಹಾಗೆ.

ಕೊಟ್ಟೂರಿನ ಸಂತೆಗೆ ಕಂಬಳಿ ಹೊತ್ತು ಹೋದಾಗಲೆಲ್ಲ ಮಂಡಕ್ಕಿ ಅಂಗಡಿಯ ರುದ್ರಪ್ಪನ ವಿಚಾರಣೆ ತಪ್ಪುತ್ತಿರಲಿಲ್ಲ.

"ನಿನ್ನ ತಂಗಿ ಏನ್ ಮಾಡ್ತಾಳಲೇ?"

"ಕ್ಯೂಬಾ ನೋಡ್ಕೋತಾಳ."

"ಅಲ್ಲೇನು ಹೊಲ ಐತೇನು?"

"ಹೊಲ ಅಲ್ಲಲೇ, ಅದು ದೇಶ."

"ಹಂಗಾರ ನಮ್ಮ ದೇಶ ಯಾರ್ ನೋಡ್ಕೋತಾರ?"

ಇಬ್ಬರೂ ಮಂಡಕ್ಕಿ ತಿಂದೆವು.

ಕುಲಸಚಿವೆ ಆಗುತ್ತೇನೆಂದು ಅವಳು ಫೋನು ಮಾಡಿದ ದಿನ, ಅದೆಂಥ ಕೆಲಸ ಎಂದೆ. "ಮಂದಿ ಕಾಯೋದಣ್ಣ. ಒಬ್ರು ಆ ಕಡಿ ಎಳೀತಾರ, ಒಬ್ರು ಈ ಕಡಿ" ಎಂದಳು.

"ಕುರಿ ಕಾದಂಗ?"

"ಕುರಿ ವಾಸಿ. ಅವು ಅರ್ಜಿ ಬರೆಯಂಗಿಲ್ಲ."

ನಾವಿಬ್ಬರೂ ಒಂದೇ ಕಸುಬಿನವರೆಂದು ಮೊದಲ ಸಲ ಅನ್ನಿಸಿ ಜೋರಾಗಿ ನಕ್ಕೆ. ನಗು ಮುಗಿಯುವ ಮೊದಲೇ ಅವಳು ಕೇಳಿದಳು. "ಮುಂದಿನ ತಿಂಗಳು ಆ ಕುರ್ಚಿ ಮ್ಯಾಲೆ ಕುಂದರಬೇಕು. ಒಂದು ಕಂಬಳಿ ನೇದು ಕಳಸಣ್ಣ."

"ದಿಲ್ಲ್ಯಾಗ ಬೆಂಕಿಯಂಥ ಸೆಕಿ ಅಂತಿ. ಹೊಚ್ಚಾಕ ಕಂಬಳಿ ಯಾಕ?"

"ಹೊಚ್ಚಾಕಲ್ಲ, ಹಾಸಾಕ."

ಹಾಸುವುದಕ್ಕೆ ಎಂದ ಮೇಲೆ ನಮ್ಮ ಪೈಕಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕುರಿಯವರ ಮನೆಗಳಲ್ಲಿ ಕರಿ ಕಂಬಳಿ ಹಾಸದೆ ಮದುವೆಯಿಲ್ಲ, ಹಿರಿಯರ ಪಂಚಾಯಿತಿಯಿಲ್ಲ. ದೊಡ್ಡ ಹೊಣೆ ಹೊರುವವರನ್ನು ಮನೆಯವರು ಕೈಯಾರೆ ನೇಯ್ದ ಕಂಬಳಿಯ ಮೇಲೆ ಕೂರಿಸುತ್ತೇವೆ. ಅದು ಗದ್ದುಗೆ. ಅಷ್ಟು ಓದಿದವಳು, ಅಷ್ಟು ದೇಶ ಸುತ್ತಿದವಳು, ಅಣ್ಣನ ಕಂಬಳಿ ಹಾಸದೆ ಕುರ್ಚಿಯ ಮೇಲೆ ಕೂರಲಾರೆ ಎಂದಿದ್ದಳು.

ಉಣ್ಣೆ ಇತ್ತು. ನನ್ನ ಹೆಂಡತಿ ತೆಗೆದ ನೂಲು ಇತ್ತು. ಹುಣಸೆ ಬೀಜದ ಗಂಜಿ ಕುದಿಸಿ, ನೂಲಿಗೆ ಬಳಿದು ಒಣಗಿಸಿ, ನೆಲ ಅಗೆದು ಕೂರಿಸಿದ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಕೆಲವು ದಿನಗಳ ಕೆಲಸ. ನಾಳೆ ಎಂದೆ. ಮೋಡ ಕವಿದಿದೆ, ಗಂಜಿ ಒಣಗುವುದಿಲ್ಲ ಎಂದೆ. ಮಳೆಯೇ ಕಾಣದ ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಮೋಡದ ನೆಪ ಹೇಳುವವನಿಗೆ ಎಷ್ಟು ಧೈರ್ಯವಿರಬೇಕು ಯೋಚಿಸಿ. ಕೊನೆಯ ವಾರದಲ್ಲಿ ಬಸ್ಸು ಹತ್ತಿ ಹರಪನಹಳ್ಳಿಗೆ ಹೋಗಿ, ಅಂಗಡಿಯಲ್ಲಿ ಗಿರಣಿಯ ಕರಿ ಕಂಬಳಿ ಕೊಂಡು, ಅಲ್ಲಿಂದಲೇ ಅಂಚೆಗೆ ಹಾಕಿ ಬಂದೆ. ನಾನೇ ನೇಯ್ದು ಕಳಿಸಿದೆನೆಂದು ಓಣಿಯವರು ನಂಬಿದರು.

ಇದು ಸೋಮಾರಿತನವೆಂದು ಬಹಳ ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಆದರೆ ಸೋಮಾರಿಯಾದವನು ಬಸ್ಸು ಹತ್ತಿ ಹರಪನಹಳ್ಳಿಯವರೆಗೆ ಹೋಗುವುದಿಲ್ಲ. ಅವಳು ಕುರ್ಚಿ ಹತ್ತಬೇಕಾದರೆ ನಾನು ಕುಣಿಗೆ ಇಳಿಯಬೇಕಲ್ಲ ಅನ್ನಿಸಿತ್ತು, ಅಷ್ಟೇ. ಅವಳನ್ನು ಕಂಡರೆ ಪ್ರಾಣ ಬಿಡುವ ಅಣ್ಣನೊಳಗೆ ನಾಲ್ಕನೇ ತರಗತಿಯ ಒಬ್ಬ ಹುಡುಗ ಇನ್ನೂ ಮುಖ ಊದಿಸಿಕೊಂಡು ಕೂತಿದ್ದ.

ನಾವು ನೇಯ್ದ ಕಂಬಳಿಗೆ ಕುರಿಯ ವಾಸನೆ ಇರುತ್ತದೆ, ಗಂಜಿಯ ಬಿರುಸು ಇರುತ್ತದೆ. ಹೊಸತರಲ್ಲಿ ಅದು ಚುಚ್ಚುತ್ತದೆ. ಅದರ ಮೇಲೆ ಕೂತವರಿಗೆ ತಾವು ಕೂತಿದ್ದೇವೆಂಬುದು ಮರೆಯುವುದಿಲ್ಲ. ಗಿರಣಿಯದು ಬೆಕ್ಕಿನ ಬೆನ್ನಿನ ಹಾಗೆ. ಕಂಬಳಿ ತಲುಪಿದ ದಿನ ನಿಂಗಿ ಫೋನು ಮಾಡಿ, "ಬಂತಣ್ಣ. ಮೆತ್ತಗೈತಿ" ಎಂದಳು. ಆ "ಮೆತ್ತಗೈತಿ" ಮೂರು ವರ್ಷ ನನ್ನ ಬೆನ್ನಿಗೆ ಚುಚ್ಚಿತು.

ಕಳೆದ ತಿಂಗಳು ಅವಳು ನಿವೃತ್ತಳಾಗಿ ಊರಿಗೆ ಬಂದಳು. ಬೆಳಗ್ಗೆ ಓಣಿಯ ಹಿರಿಯರೆಲ್ಲ ಮಾತಾಡಿಸಲು ನಮ್ಮ ಕಟ್ಟೆಗೆ ಬಂದರು. ಅವರಲ್ಲಿ ನನಗೆ ಮಗ್ಗ ಕಲಿಸಿದ ಮಾಳಜ್ಜನೂ ಇದ್ದ. ಈಗ ಅವನ ಕಣ್ಣು ಮಂಜು, ಆದರೆ ಕಂಬಳಿಗೆ ಹೆಬ್ಬೆರಳು ತಿಕ್ಕಿ ನೋಡಿದರೆ ಯಾರ ಮಗ್ಗದ್ದೆಂದು ಇವತ್ತಿಗೂ ಹೇಳುತ್ತಾನೆ.

"ಬರೇ ಕಲ್ಲಿನ ಮ್ಯಾಲೆ ಕುಂದರಬ್ಯಾಡವ್ವ ನಿಂಗಿ. ಅಣ್ಣ ನೇದ ಕಂಬಳಿ ತಂದೀಯಿಲ್ಲ? ಹಾಸು, ಅದರ ಮ್ಯಾಲೆ ಕುಂತು ಆಳಿ ಬಂದೀದಿ" ಎಂದ ಮಾಳಜ್ಜ.

ಅವಳ ಚೀಲದ ಬಾಯಲ್ಲಿ ಅದರ ಅಂಚು ಕಾಣುತ್ತಿತ್ತು. ಅಜ್ಜ ಕೈ ಚಾಚಿದ. ನಿಂಗಿ ಚಟ್ಟನೆ ಕಂಬಳಿಯನ್ನು ಎಳೆದು ಎದೆಗೆ ಅವಚಿಕೊಂಡಳು.

"ಬ್ಯಾಡಜ್ಜ, ರೈಲಿನಾಗ ಮಾಸೈತಿ. ಒಳಗಿಂದ ಬ್ಯಾರೇದು ತರ್ತೀನಿ."

ಅದು ಮಾಸಿರಲಿಲ್ಲ. ಮಡಿಕೆ ಸಹಿತ ಅಚ್ಚುಕಟ್ಟಾಗಿತ್ತು. ಅದು ನನ್ನ ಮಗ್ಗದ್ದಲ್ಲವೆಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಅದನ್ನೇ ಹಾಸಿಕೊಂಡು ಕೂತಿದ್ದಳು, ಈಗ ಓಣಿಯ ಮುಂದೆ ನನ್ನ ಮಾನ ಕಾಯಲು ಸುಳ್ಳು ಹೇಳುತ್ತಿದ್ದಳು. ಅಷ್ಟು ಮಂದಿಯನ್ನು ಕಾದು ಬಂದವಳು ಕೊನೆಗೆ ನನ್ನನ್ನೂ ಕಾಯುತ್ತಿದ್ದಾಳೆ ಅನ್ನಿಸಿದಾಗ ನನ್ನೊಳಗಿನ ಆ ಹುಡುಗ ತಾನಾಗಿಯೇ ಎದ್ದು ಹೋದ.

ಕಂಬಳಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮಾಳಜ್ಜನ ತೊಡೆಯ ಮೇಲೆ ಇಟ್ಟೆ. ಅಜ್ಜ ಹೆಬ್ಬೆರಳು ತಿಕ್ಕಿದ, ಮತ್ತೊಮ್ಮೆ ತಿಕ್ಕಿದ. "ಇದು ನಿನ್ನ ಕೈಯಾಂದಲ್ಲಲೇ" ಎಂದ.

"ಅಲ್ಲಜ್ಜ" ಎಂದೆ. ನಿಂಗಿ ಕಣ್ಣಲ್ಲೇ ಬೇಡ ಎಂದಳು. ನಾನು ಅವಳ ಕಡೆಗೇ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಇದು ಹರಪನಹಳ್ಳ್ಯಾಗ ಕೊಂಡಿದ್ದು ನಿಂಗಿ. ನೀ ಬಾಯಿಬಿಟ್ಟು ಕೇಳಿದ್ದಿ, ನಾ ಹೊಟ್ಟಿಕಿಚ್ಚಿಗೆ ನೇಯಲಿಲ್ಲ. ತಪ್ಪಾತವ್ವ."